ಸರೋಜಾ ತುಂಬಿದ ತೊಟ್ಟಿ

ಏಕಾಂತಪ್ಪನವರು ಮಾತಾಡಿದರೆ ಹೊಳೆಯ ಆಚೆ ದಡದವರೂ ತಿರುಗಿ ನೋಡಬೇಕು. ದಾವಣಗೆರೆಯ ಬಟ್ಟೆ ಗಿರಣಿಯ ಮಗ್ಗಗಳ ಗದ್ದಲದಲ್ಲಿ ವರ್ಷಗಟ್ಟಲೆ ಕೂಗಿ ಕೂಗಿ ಬಂದ ದನಿ ಅದು. ಗಿರಣಿ ಮುಚ್ಚಿ ಎಷ್ಟೋ ಕಾಲವಾದರೂ ದನಿ ಇಳಿದಿಲ್ಲ, ಖಾಕಿ ಕೋಟೂ ಮೈಬಿಟ್ಟಿಲ್ಲ. ಆದರೆ ಬೆಳಿಗ್ಗೆ ನಿಟ್ಟುವಳ್ಳಿಯ ಮನೆಯಿಂದ ಮೊಪೆಡ್ಡಿನಲ್ಲಿ ಹರಿಹರದ ಹೊಳೆದಂಡೆಯ ಹೊಲಕ್ಕೆ ಬಂದು, ಎರೆಹುಳದ ತೊಟ್ಟಿಯ ಮೇಲಿನ ಗೋಣಿತಾಟಿಗೆ ನೀರು ಚಿಮುಕಿಸುವಾಗ ಮಾತ್ರ ಅವರು ಪಿಸುಗುಟ್ಟುತ್ತಾರೆ. ಗದ್ದಲಕ್ಕೆ ಹುಳಗಳು ಬೆದರುತ್ತವೆಂದು ಹೆಂಡತಿ ಸರೋಜಾ ಗದರಿಸಿದ್ದರು.

ಹೊಲ ಸರೋಜಾಗೆ ತವರಿನಿಂದ ಬಂದದ್ದು, ಬರೀ ಮರಳು. ಬಿಟ್ಟ ನೀರು ನಿಲ್ಲದೆ ಸೋರಿಹೋಗುತ್ತಿತ್ತು. ಹಾಕಿದ ಗೊಬ್ಬರವೂ ಅದರ ಹಿಂದೆಯೇ. ಸರೋಜಾ ತೊಟ್ಟಿ ಕಟ್ಟಿಸಿ, ಸೆಗಣಿ, ಒಣ ಎಲೆ ಹಾಕಿ ಹುಳ ಸಾಕಿದಾಗ “ಮೀನು ಹಿಡಿಯಾಕೇನ?” ಎಂದು ನಕ್ಕವರು ಇದೇ ಏಕಾಂತಪ್ಪನವರು. ಮೂರನೆಯ ವರ್ಷಕ್ಕೆ ಮರಳು ಮುಷ್ಟಿಯಲ್ಲಿ ಉಂಡೆಯಾಯಿತು, ಬದನೆ ಬುಟ್ಟಿ ತುಂಬಿತು. ನಗು ನಿಂತಿತು.

ಮಾಘದಲ್ಲಿ ಸರೋಜಾ ಮತ್ತೆ ತೊಟ್ಟಿ ತುಂಬಿಸಿದರು. ಆ ವಾರವೇ ಎದೆನೋವಿನಿಂದ ತೀರಿಕೊಂಡರು. ಅವರು ಹಾಕಿದ್ದೆಲ್ಲ ಚಹಾಪುಡಿಯಂಥ ಗೊಬ್ಬರವಾಯಿತು. ಅದನ್ನು ತೆಗೆಯಲು ಏಕಾಂತಪ್ಪನವರು ಬಿಡಲಿಲ್ಲ, ಮೇಲೆ ಹೊಸ ಸೆಗಣಿ ಹಾಕಲೂ ಒಪ್ಪಲಿಲ್ಲ. ನೀರಷ್ಟೇ. ಪಕ್ಕದಲ್ಲಿ ಬದನೆ ಸಸಿಗಳು ಹಳದಿಯಾಗುತ್ತಿದ್ದವು.

ಒಂದು ದಿನ ಸರೋಜಾರ ಅಕ್ಕ ಕಮಲಕ್ಕ ತೊಟ್ಟಿಯ ಗೋಣಿತಾಟು ಎತ್ತಿ ಕೈಯಾಡಿಸಿದರು. ಸಿಕ್ಕ ಒಂದೆರಡು ಹುಳಗಳು ದಾರದಂತೆ ಬಡಕಲಾಗಿದ್ದವು.

“ಉಂಡ ಎಲಿ ಮುಂದೆ ಎಷ್ಟು ದಿನ ಕುಂದ್ರಿಸ್ತೀರಿ ಇವನ್ನ? ಹಸ್ತು ಸಾಯ್ತಾವಲ್ರಿ.”

“ಅದು ಆಕಿ ಕೈಯಾರೆ ಹಾಕಿದ್ದು ಅತ್ತಿಗೆ. ತೆಗದ್ರೆ ಏನು ಉಳೀತೈತೆ?”

“ಹುಳಾನೂ ಆಕಿವೇ ಅಲ್ಲೇನ್ರಿ? ಗೊಬ್ಬರಕ್ಕೆ ಕಾವಲು ಕುಂತು ಹುಳಾ ಕೊಲ್ತೀರಲ್ಲ, ಭಾರಿ ಶ್ಯಾಣ್ಯಾರು!”

ಏಕಾಂತಪ್ಪನವರು ಎದ್ದು, ಗೊಬ್ಬರವನ್ನು ನೆಲಕ್ಕೆ ಹಾಸಿದ ಗೋಣಿತಾಟಿನ ಮೇಲೆ ಗುಡ್ಡೆ ಹಾಕಿ, ಬೆಳಕಿಗೆ ಹೆದರಿ ಹುಳಗಳು ಅಡಿಗಿಳಿಯುವವರೆಗೆ ಕಾದರು. ಮೇಲಿನದನ್ನು ಬುಟ್ಟಿಗೆ ಸುರಿಯುವ ಮುನ್ನ ಪ್ರತಿ ಬೊಗಸೆಯನ್ನೂ ಬೆರಳಿನಿಂದ ಕೆದಕಿ ನೋಡಿದರು. ಹುಡುಕಿದ್ದು ಹುಳವನ್ನೋ ಬೇರೇನನ್ನೋ.

ಸತ್ತವರದ್ದನ್ನು ಮುಟ್ಟದೆ ಇಟ್ಟುಕೊಳ್ಳುವ ಗಂಡಸರು ನಮ್ಮಲ್ಲಿ ಬಹಳ. ಸೀರೆ, ಕನ್ನಡಕ ಪೆಟ್ಟಿಗೆಯಲ್ಲಿ ಉಳಿದಾವು. ಹೊಟ್ಟೆಯಿರುವ ಜೀವಗಳನ್ನು ಬಿಟ್ಟುಹೋದವರ ಗಂಡಂದಿರಿಗೆ ಆ ಅನುಕೂಲವಿಲ್ಲ.

ಉಳಿದಿದ್ದ ಹುಳ ಒಂದು ಹಿಡಿಯಾಯಿತು. ಅವಕ್ಕೆ ಬಿಸಿ ಆರಿದ ಸೆಗಣಿ ಹಾಕಿದರು. ಬದನೆ ಬುಡಕ್ಕೆ ಹಾಕಿದ ಗೊಬ್ಬರ ಎರಡು ಸಲ ನೀರು ಬಿಡುವಷ್ಟರಲ್ಲಿ ಮರಳಲ್ಲಿ ಬೆರೆತು, ಎಲ್ಲಿತ್ತೆಂದು ಕಾಣದಾಯಿತು.