ಹತ್ತಕ್ಕೆ ಒಂಬತ್ತು

ಪೆನ್ನನ್ನು ಹಾಳೆಗೆ ತಾಗಿಸಿದವಳು ಹಾಗೇ ನಿಂತಳು. ತನ್ನ ಅಕ್ಷರ ಒಂದಿಷ್ಟೂ ಬದಲಾಗಿಲ್ಲ. ಒಂಬತ್ತು ವರ್ಷದ ಹಿಂದಿನ ಆ ಪತ್ರ ಓದಿದವರು ಇಲ್ಲಿ ಯಾರಾದರೂ ಇದ್ದರೆ? ಗುರುತು ಹಿಡಿದುಬಿಟ್ಟರೆ?

"ಡಿಗ್ರಿ ಮುಗಿಸಿದೋಳು, ಎರಡು ಸಾಲು ಶ್ರದ್ಧಾಂಜಲಿಗೆ ಇಷ್ಟು ಯೋಚನೆನಾ?" ಎಂದರು ಡ್ರಾಯಿಂಗ್ ಮೇಷ್ಟ್ರು, ಕುರ್ಚಿಗಳನ್ನು ಬಿಡಿಸಿಡುತ್ತ. "ಇಂಗ್ಲಿಷಲ್ಲೇ ಬರಿಯಮ್ಮ, ಫೋಟೋ ಕೆಳಗೆ ಅಂಟಿಸೋಣ. ತಪ್ಪು ಮಾತ್ರ ಮಾಡ್ಬೇಡ. ಎದ್ದು ಕೂತು ತಿದ್ದಿಬಿಟ್ಟಾನು ಪುಣ್ಯಾತ್ಮ!"

ಯಾರೋ ನಕ್ಕು, ಕೂಡಲೇ ಮೂಗೊರೆಸಿಕೊಂಡರು. ಅವಳು ಬೇಕೆಂದೇ ಸೊಟ್ಟಸೊಟ್ಟಗೆ ಬರೆದಳು. ಹಜಾರದಲ್ಲಿ ಮಲಗಿಸಿದ್ದ ಇಂಗ್ಲಿಷ್ ಮೇಷ್ಟ್ರ ಮುಖವನ್ನು ನೋಡಲಿಲ್ಲ.

*

ಶಾಲೆಯಲ್ಲಿ ಅವರು ಬಾಲದ ಮೇಷ್ಟ್ರು. ಬಿಳಿ ರಟ್ಟಿನ ಮೇಲೆ ಕ್ರಿಯಾಪದ, ಕೆಂಪು ರಟ್ಟಿನ ಮೇಲೆ ಅದಕ್ಕೆ ಹಚ್ಚುವ ಬಾಲ: ಮೆಂಟ್, ಶನ್, ಅಲ್. ಒಬ್ಬರು ಬಿಳಿ ರಟ್ಟನ್ನು ಎದೆಗೆ ಹಿಡಿದು ನಿಲ್ಲಬೇಕು. ಸರಿಯಾದ ಬಾಲವಿದ್ದವರು ಓಡಿಬಂದು ಪಕ್ಕ ನಿಲ್ಲಬೇಕು. ಹುಟ್ಟಿದ ನಾಮಪದವನ್ನು ಇಬ್ಬರೂ ಕೂಗಿ ಹೇಳಬೇಕು.

"ಮೂವ್‌ಗೆ ಬಾಲ ಎಲ್ರಪ್ಪಾ? ಪಾಪ, ಒಂಟಿಯಾಗಿ ನಿಂತಿದೆ!"

ಎಂಟನೇ ತರಗತಿಯಲ್ಲಿ ಅವಳ ಸರದಿ ಬಂತು. ಬಾಯಿ ಒಣಗಿ ಸ್ವರವೇ ಹೊರಡಲಿಲ್ಲ. ತರಗತಿ ಗೊಳ್ಳೆಂದಿತು. "ಇನ್ನೊಂದ್ಸಲ ಮಗಳೇ, ಜೋರಾಗಿ," ಎಂದರು ಮೇಷ್ಟ್ರು, ಪ್ರೀತಿಯಿಂದಲೇ.

ಮನೆಗೆ ಬಂದವಳೇ ಡೈರಿಯ ಹಾಳೆ ಹರಿದು ಹೆಡ್‌ಮಿಸ್‌ಗೆ ಇಂಗ್ಲಿಷಿನಲ್ಲಿ ದೂರು ಬರೆದಳು: ಪಾಠ ಮಾಡುವುದಿಲ್ಲ, ಮಕ್ಕಳನ್ನು ನಿಲ್ಲಿಸಿ ಅವಮಾನ ಮಾಡುತ್ತಾರೆ. ಹೆಸರು ಹಾಕಲಿಲ್ಲ. ಮರುವಾರವೇ ಮೇಷ್ಟ್ರನ್ನು ಸ್ಟೋರ್‌ರೂಮಿಗೆ ಹಾಕಿದರು. ನಿವೃತ್ತಿಯಾಗುವವರೆಗೂ ಅವರು ಬೇರೆಯವರ ತರಗತಿಗೆ ಸೀಮೆಸುಣ್ಣ ಕೊಡುತ್ತಿದ್ದರು.

*

"ಇದೂ ಅವರ ಜೊತೆಗೇ ಹೋಗ್ಲಿ," ಎನ್ನುತ್ತ ಮೇಷ್ಟ್ರ ಹೆಂಡತಿ ಬಿಸ್ಕತ್ತಿನ ಡಬ್ಬಿಯೊಂದನ್ನು ತಂದರು. ಒಳಗೆ ಅದೇ ರಟ್ಟುಗಳು. ಮೇಲೆ ಒಂದು ಮಡಚಿದ ಹಾಳೆ. ಡೈರಿಯ ನೀಲಿ ಅಂಚು ಅವಳಿಗೆ ದೂರದಿಂದಲೇ ಗುರುತು ಸಿಕ್ಕಿತು.

"ಆ ಮೂಕರ್ಜಿನಾ?" ಡ್ರಾಯಿಂಗ್ ಮೇಷ್ಟ್ರು ಕಿಡಿಯಾದರು. "ಹರಿದು ಬಿಸಾಕೋದು ಬಿಟ್ಟು! ಬರೆದೋರ ಕೈ ಬಿದ್ದುಹೋಗ!"

"ಬಯ್ಬೇಡಿ. ಹೆಡ್‌ಮಿಸ್ ಹತ್ರ ಕೇಳಿ ಇಸ್ಕೊಂಡು ಬಂದು, ಕೂತು ತಿದ್ದಿದ್ರು. 'ನೋಡೇ, ಪನಿಶ್‌ಮೆಂಟ್, ಹ್ಯುಮಿಲಿಯೇಶನ್... ಒಂದಾದ್ರೂ ತಪ್ಪಿದೆಯಾ? ನನ್ನ ಹತ್ರಾನೇ ಕಲ್ತಿದ್ದು' ಅಂತ ಎಷ್ಟು ಹೊಗಳಿದ್ರು ಗೊತ್ತಾ?" ಅವರು ಹಾಳೆಯನ್ನು ಬಿಡಿಸಿ ನೇವರಿಸಿದರು. "ಆಮೇಲೆ ಎರಡು ದಿನ ಸರಿಯಾಗಿ ಊಟ ಮಾಡ್ಲಿಲ್ಲ."

ಹಾಳೆಯ ತುಂಬ ಕೆಂಪು ರೈಟ್ ಗುರುತು. ಮೇಲೆ, ಹತ್ತಕ್ಕೆ ಒಂಬತ್ತು.

"ಒಂದ್ಯಾಕೆ ಕಟ್ ಮಾಡ್ದ?" ಡ್ರಾಯಿಂಗ್ ಮೇಷ್ಟ್ರ ದನಿ ಇಳಿದಿತ್ತು.

"ಹೆಸರು ಬರೆದಿಲ್ಲ ಅಂತ."

ಹೊರಗೆ ಗಾಡಿ ಬಂದು ನಿಂತಿತು. ಅವರು ಹಾಳೆಯನ್ನು ಒಳಗಿಟ್ಟು ಮುಚ್ಚಳ ಹಾಕಹೊರಟಾಗ ಅವಳ ಕೈ ಅಡ್ಡ ಬಂತು. ಹಜಾರದವರೆಲ್ಲ ತಿರುಗಿ ನೋಡಿದರು. ಬಾಯಿ ಒಣಗಿತ್ತು. ಹಾಳೆಯ ಕೆಳಗಿನ ಖಾಲಿ ಜಾಗಕ್ಕೆ ಮೇಷ್ಟ್ರು ಕೆಂಪು ಸುತ್ತು ಹಾಕಿದ್ದರು. ಅದರೊಳಗೆ ಬೆರಳಿಟ್ಟು, ಹಿಂದಿನ ಸಾಲಿನವರಿಗೂ ಕೇಳುವಷ್ಟು ಜೋರಾಗಿ ಹೇಳಿದಳು:

"ಅಮ್ಮಾ, ಇದನ್ನ ಬರೆದೋಳು ನಾನು."