ಗುಂಡಿ ಡಬ್ಬಿ

ನನ್ನಾಕೆ ತೀರಿಕೊಂಡ ಮೇಲೆ ಅವಳ ಗುಂಡಿ ಡಬ್ಬಿಯನ್ನು ಮುಟ್ಟಲು ನಾನು ಯಾರನ್ನೂ ಬಿಟ್ಟಿರಲಿಲ್ಲ. ಬಟ್ಟೆ ಹಳತಾದಾಗ ಅದರ ಗುಂಡಿ ಬಿಚ್ಚಿ ಆ ತಗಡಿನ ಡಬ್ಬಿಗೆ ಹಾಕಿಡುವುದು ಅವಳ ಪದ್ಧತಿ. ದಿನವೂ ಪ್ರಾರ್ಥನೆ ಮುಗಿಸಿ ಅದರ ಧೂಳು ಒರೆಸುತ್ತಿದ್ದೆ. ನನ್ನ ಅಂಗಿಯ ಗುಂಡಿ ಉದುರಿದಾಗಲೂ ಅದನ್ನು ತೆರೆಯಲಿಲ್ಲ.

ಸೊಸೆಗೆ ಹೊಲಿಗೆ ಶಾಲೆಯಿಂದ ಶಿಕ್ಷಕಿಯ ಕೆಲಸಕ್ಕೆ ಕರೆ ಬಂತು. ಕೈಕೆಲಸದಲ್ಲಿ ಅವಳಿಗೆ ಸಾಟಿಯಿಲ್ಲ. ಆದರೆ ಇಂಗ್ಲಿಷಿನಲ್ಲಿ ಪಾಠ ಮಾಡಿ ತೋರಿಸಬೇಕು, ಅದೂ ಮರುದಿನವೇ. ನಾನು ಇಂಗ್ಲಿಷ್ ಮೇಷ್ಟರಾಗಿದ್ದವನು. ಅಡುಗೆಮನೆಯ ಮೇಜೇ ತರಗತಿಯಾಯಿತು.

“ಎವ್ರಿವನ್ ಹ್ಯಾವ್ ಎ ನೀಡಲ್,” ಎಂದಳು.

“ಹ್ಯಾವ್ ಅಲ್ಲಮ್ಮ, ಹ್ಯಾಸ್.”

“ಎಲ್ಲರೂ ಅಂದ್ಮೇಲೆ ಒಬ್ಬರು ಹೇಗಾಗ್ತಾರೆ ಮಾವ? ಇಂಗ್ಲಿಷಿನವರಿಗೆ ಲೆಕ್ಕ ಬರಲ್ವಾ?”

ಪಾತ್ರೆ ತೊಳೆಯುತ್ತಿದ್ದ ಮಗ ನಕ್ಕ. “ನನಗೂ ಇದನ್ನ ಬೆತ್ತ ಹಿಡಿದು ಹೇಳಿಕೊಟ್ರಲ್ಲಪ್ಪ. ಬೆತ್ತಕ್ಕೆ ಅರ್ಥವಾಯ್ತು, ನನಗಲ್ಲ.”

“ನೀನು ಪಾತ್ರೆ ನೋಡ್ಕೋ,” ಎಂದೆ.

ಹೇಳಿ ಹೇಳಿ ನನ್ನ ಬಾಯಿ ಒಣಗಿತು. ಅವಳ ಕಣ್ಣು ತುಂಬಿತು. “ಬಿಡಿ ಮಾವ, ನಾನು ಹೋಗೋದೇ ಇಲ್ಲ.”

ನನ್ನಾಕೆ ಇದ್ದಿದ್ದರೆ ಸುಮ್ಮನಿರುತ್ತಿದ್ದಳೇ? ಎದ್ದು ಹೋಗಿ ಡಬ್ಬಿ ತಂದು ಮೇಜಿನ ಮೇಲೆ ಸುರಿದೆ. ಮಗ ನಲ್ಲಿ ನಿಲ್ಲಿಸಿ ನೋಡುತ್ತ ನಿಂತ.

“ಗುಂಡಿಗಳನ್ನೆಲ್ಲ ಒಟ್ಟಿಗೆ ಹೊಲೀತೀಯಾ?”

“ಎಲ್ಲಾದ್ರೂ ಆಗುತ್ತಾ? ಒಂದೊಂದೇ.”

“ಎವ್ರಿವನ್ ಅನ್ನೋದೂ ಹಾಗೇ. ಗುಂಪು ನೋಡ್ಬೇಡ, ಒಬ್ಬೊಬ್ಬರ ಮುಖ ನೋಡು. ದೇವರು ನಮ್ಮನ್ನ ನೋಡೋದೂ ಹಾಗೇ ಅಲ್ವೇನಮ್ಮ?”

ಅವಳು ಗುಂಡಿಗಳನ್ನು ಒಂದೊಂದಾಗಿ ಸರಿಸುತ್ತ ಹೇಳತೊಡಗಿದಳು: “ಎವ್ರಿವನ್ ಹ್ಯಾಸ್, ಸಂಬಡಿ ಹ್ಯಾಸ್, ನೋಬಡಿ ಹ್ಯಾಸ್.” ತಪ್ಪಲಿಲ್ಲ. “ಮತ್ತೆ ಮೆನಿ?”

“ಹಿಡಿ ತುಂಬ ಎತ್ಕೋ. ಅದಕ್ಕೆ ಹ್ಯಾವ್.”

ಬೆಳಿಗ್ಗೆ ಡಬ್ಬಿಯನ್ನೇ ಕೇಳಿದಳು. ಇನ್ನೊಮ್ಮೆ ಅದರ ಧೂಳು ಒರೆಸಿ, ಕೊಟ್ಟೆ.

ಸಂಜೆ ಬಾಗಿಲಲ್ಲೇ ಕೂಗಿದಳು. “ಮಾವ, ಕೆಲಸ ಸಿಕ್ತು! ತರಗತಿಯಲ್ಲಿದ್ದ ಒಬ್ಬೊಬ್ಬರ ಕೈಗೂ ಒಂದೊಂದು ಗುಂಡಿ ಇಟ್ಟು, ಎವ್ರಿವನ್ ಹ್ಯಾಸ್ ಎ ಬಟನ್ ಅಂದೆ. ನಾಲಿಗೆ ತೊಡರಲೇ ಇಲ್ಲ.” ಆಮೇಲೆ ದನಿ ತಗ್ಗಿತು. “ಆದ್ರೆ ಅವರು ಅಲ್ಲೇ ತಮ್ಮ ಬಟ್ಟೆಗೆ ಹೊಲಿದುಕೊಂಡ್ರು. ವಾಪಸ್ ಕೇಳೋಕೆ ಬಾಯಿ ಬರಲಿಲ್ಲ.”

ಡಬ್ಬಿ ಹಗುರಾಗಿತ್ತು. ಮುಚ್ಚಳ ತೆಗೆದೆ, ತಳದಲ್ಲಿ ಕೆಲವೇ ಗುಂಡಿಗಳು ಉಳಿದಿದ್ದವು. ಆದರೆ ನನ್ನಾಕೆಯ ಗುಂಡಿಗಳು ಯಾರ್ಯಾರದೋ ಮೈಮೇಲೆ ಊರು ಸುತ್ತುತ್ತಿವೆಯೆಂದು ನೆನೆದಾಗ ನಗು ಬಂತು. ಮನೆಯಲ್ಲೇ ಕೂರುವುದು ಅವಳಿಗೂ ಆಗುತ್ತಿರಲಿಲ್ಲ.

“ಇಲ್ಲಿ ಬನ್ನಿ,” ಎಂದು ಸೊಸೆ ಸೂಜಿಗೆ ದಾರ ಪೋಣಿಸಿ, ಡಬ್ಬಿಯಿಂದ ಒಂದು ಬಿಳಿ ಗುಂಡಿ ಆರಿಸಿದಳು. “ನಿಮ್ಮ ಅಂಗಿಯಲ್ಲಿ ಒಂದು ಗುಂಡಿ ಇಲ್ಲ. ಎವ್ರಿವನ್ ಅಂದ್ರೆ ನೀವೂ ಸೇರಿ ತಾನೇ?”