ಬಿಚ್ಚದೇ ಹೋದ ಇಂಜಿನ್

ಒಂದು ನಿಮಿಷ, ಎಲ್ಲೂ ಹೋಗ್ಬೇಡಿ, ಇದನ್ನ ಪೂರ್ತಿ ಕೇಳಿ. ಅರ್ಧ ಕೇಳಿ ಬೈದ್ರೆ ಬೇಜಾರಾಗತ್ತೆ. ಪೂರ್ತಿ ಕೇಳಿ ಬೈದ್ರೆ ಬೈಸ್ಕೋತೀನಿ.

ನಮ್ಮಪ್ಪ ಇಂಜಿನ್ ಮೇಸ್ತ್ರಿ. ಮೂವತ್ತು ವರ್ಷ ಅದೇ ಕೆಲಸ. ಐದು ವರ್ಷದ ಹಿಂದೆ ಕೈ ನಡುಗೋಕೆ ಶುರುವಾಯ್ತು. ಮೊದಲು ಬಲಗೈ ಹೆಬ್ಬೆರಳು, ಆಮೇಲೆ ಎರಡೂ ಕೈ. ಲೋಟ ಎತ್ತಿದ್ರೆ ಅರ್ಧ ನೀರು ಅಂಗಿಗೆ. ಆ ನಡುಕದಲ್ಲೇ ನಮ್ಮ ಹಳೇ ಕಾರಿನ ಇಂಜಿನ್ ಪೂರ್ತಿ ಬಿಚ್ಚಿ, ಹೊಸ ಬೇರಿಂಗ್ ಕೂರಿಸಿ, ಮತ್ತೆ ಕಟ್ಟಿದ್ರು. ಬೇರೆಯವರಿಗೆ ನಾಲ್ಕು ದಿನದ ಕೆಲಸ, ಅಪ್ಪನಿಗೆ ಎರಡು ತಿಂಗಳು. ಒಂದು ಬೋಲ್ಟ್ ಹಾಕೋದು, ಕೂತು ಉಸಿರು ಬಿಡೋದು. ಯಾರನ್ನೂ ಮುಟ್ಟೋಕೆ ಬಿಡ್ಲಿಲ್ಲ. ಮಗಳು ಅಂತ ನನಗೆ ಟಾರ್ಚ್ ಹಿಡಿಯೋ ಭಾಗ್ಯ. "ಈ ಕಾರಿಗೆ ಮಾಡಿದ ಸೇವೆಲಿ ಕಾಲು ಭಾಗ ನನಗೆ ಮಾಡಿದ್ರೆ ನಾನೂ ಹೊಸಬಳಾಗ್ತಿದ್ದೆ" ಅಂತ ಅಮ್ಮ ಗೊಣಗ್ತಿದ್ರು.

ಆ ಇಂಜಿನ್ ನಾಲ್ಕು ವರ್ಷ ಕಮಕ್ ಕಿಮಕ್ ಅನ್ನದೆ ಓಡ್ತು. ಅಪ್ಪ ತಾವೇ ಕೆಲಸ ಕಲಿಸಿದ ಶಿಷ್ಯನ ಗ್ಯಾರೇಜಿಗೆ ದಿನಾ ಹೋಗಿ ಕೂರ್ತಿದ್ರು. ಶಿಷ್ಯನನ್ನ ನಾನು ಮಾಮ ಅಂತೀನಿ. ಬಂದ ಗಾಡಿ ಸದ್ದು ಕೇಳಿಯೇ "ಮೂರನೇ ಸಿಲಿಂಡರ್ ನೋಡೋ" ಅನ್ನೋರು, ಸರಿಯಾಗೇ ಇರ್ತಿತ್ತು. ಯಾರಾದ್ರೂ ಹೊಸಬ ಅವರ ಕೈ ನೋಡಿ ಮುಖ ಸಿಂಡರಿಸಿದ್ರೆ, ಹೊರಗೆ ನಿಂತ ನಮ್ಮ ಕಾರು ತೋರಿಸಿ, "ಅದನ್ನ ಕಟ್ಟಿದ್ದು ಇದೇ ಕೈ" ಅನ್ನೋರು. ಅಷ್ಟು ಸಾಕಿತ್ತು ಅವರಿಗೆ.

ಇನ್ನು ನನ್ನ ಘನಂದಾರಿ ಕೆಲಸ. ನನಗೆ ಕಾರಿನ ಹುಚ್ಚು, ಎಲ್ಲಾ ನನಗೇ ಗೊತ್ತು ಅನ್ನೋ ಹುಚ್ಚು ಬೇರೆ. ವಿಡಿಯೋ ನೋಡಿ ಒಂದು ಡಬ್ಬ ಫ್ಲಶ್ ತಂದೆ. ಆಯಿಲ್ ಬದಲಾಯಿಸೋ ಮುಂಚೆ ಅದನ್ನ ಸುರಿದು ಸ್ವಲ್ಪ ಹೊತ್ತು ಓಡಿಸಿದ್ರೆ ಒಳಗಿನ ಕೊಳೆ ಎಲ್ಲಾ ತೊಳೆದು ಬರತ್ತಂತೆ. ಹಳೇ ಇಂಜಿನ್ನಿಗೆ ಅದು ಬೇಡವೇ ಬೇಡ ಅಂತ ಅಪ್ಪ ಬಡ್ಕೊಂಡಿದ್ರು. ಬಿಟ್ಟ ಕೊಳೆ ಹೋಗಿ ಆಯಿಲ್ ಎಳೆಯೋ ಜಾಲರಿಗೆ ಮೆತ್ಕೊಳ್ಳತ್ತೆ, ಆಯಿಲ್ ಮೇಲೆ ಹತ್ತಲ್ಲ, ಬೇರಿಂಗ್ ಒಣಗಿ ಸುಟ್ಟುಹೋಗತ್ತೆ ಅಂತ. ಹಳೇ ಕಾಲದವರ ಭಯ ಅಂದ್ಕೊಂಡೆ. ಅವರು ಡಾಕ್ಟರ್ ಹತ್ರ ಹೋಗಿದ್ದ ದಿನ ಸುರಿದೆ. ಇಂಜಿನ್ ಇನ್ನೂ ನಯವಾಗಿ ಓಡಿದ್ರೆ ಅಪ್ಪ ಖುಷಿಪಡ್ತಾರೆ ಅಂತ, ಸತ್ಯವಾಗ್ಲೂ.

ಮೂರನೇ ದಿನ, ಅಪ್ಪ ಪಕ್ಕದಲ್ಲೇ ಕೂತಿದ್ದಾಗ, ಆಯಿಲ್ ಲೈಟ್ ಹತ್ತಿತು. ಆಮೇಲೆ ಕಟಕಟ ಸದ್ದು. ಬದಿಗೆ ತರೋಷ್ಟ್ರಲ್ಲಿ ಇಂಜಿನ್ ಗಕ್ಕಂತ ನಿಂತೋಯ್ತು. ಅಪ್ಪ ತಮ್ಮ ಕೈ ನೋಡ್ಕೊಂಡ್ರು.

ಕಾರನ್ನ ಗ್ಯಾರೇಜಿಗೆ ಎಳೆಸಿದ್ವಿ. ಮಾಮ ನೋಡಿ, "ಬೇರಿಂಗ್ ಹಿಡ್ಕೊಂಡಿದೆ ಮೇಸ್ತ್ರೀ. ಬಿಚ್ಚಿ ರಿಪೇರಿ ಮಾಡ್ಬಹುದು. ಇಲ್ಲಾಂದ್ರೆ ಗುಜರಿಯವನ ಹತ್ರ ಇದೇ ಮಾಡೆಲ್ ಇಂಜಿನ್ ಒಂದಿದೆ, ಚೆನ್ನಾಗಿದೆ, ಕೂರಿಸ್ಬಹುದು. ಹಳೇದನ್ನ ಹಾಗೇ ಎತ್ಕೊಂಡು ಹೋಗ್ತಾನೆ. ಖರ್ಚು ಹೆಚ್ಚುಕಮ್ಮಿ ಒಂದೇ. ನನ್ನ ಕೇಳಿದ್ರೆ ಬಿಚ್ಚೋಣ, ನೀವು ಕಟ್ಟಿದ್ದು ಸುಮ್ಸುಮ್ನೆ ಹೋಗಲ್ಲ" ಅಂದ.

"ಬಿಚ್ಚಿ ನೋಡೋದೇನೋ? ನಡುಗೋ ಕೈಯಲ್ಲಿ ಕೂರಿಸಿದ್ದು. ಎಲ್ಲೋ ಸಡಿಲ ಬಿಟ್ಟಿರ್ತೀನಿ."

"ಸಡಿಲ ಬಿಟ್ಟಿದ್ರೆ ನಾಲ್ಕು ವರ್ಷ ಓಡ್ತಿತ್ತಾ? ಈ ಮಾತು ನಾನು ಹೇಳಿದ್ರೆ ನೀವೇ ಸ್ಪಾನರಲ್ಲಿ ಹೊಡೀತಿದ್ರಿ!"

ಅಪ್ಪ ನಗಲಿಲ್ಲ. ನನ್ನ ಕಡೆ ತಿರುಗಿ, "ಓಡಿಸೋಳು ನೀನು. ನೀನೇ ಹೇಳು ಪುಟ್ಟಿ. ಬಿಚ್ಚಿಸೋಣ್ವಾ?" ಅಂದ್ರು.

ಆ ದನಿಯಲ್ಲಿ ಆಸೆ ಇತ್ತು ಕಣ್ರೀ. ಹೂಂ ಅನ್ನು ಅಂತ ಕೇಳೋ ಥರ. ಕೆಳಗಿನ ಆಯಿಲ್ ತೊಟ್ಟಿ ಒಂದು ತೆಗೆದ್ರೆ ಸಾಕಿತ್ತು. ಜಾಲರಿ ತುಂಬಾ ಕಪ್ಪು ಕೊಳೆ ಕಾಣೋದು, ಅಪ್ಪನ ಕೈಯದೇನೂ ತಪ್ಪಿಲ್ಲ ಅಂತ ಅರ್ಧ ಗಂಟೆಲಿ ಗೊತ್ತಾಗೋದು. ತಪ್ಪು ಯಾರದು ಅಂತಲೂ.

"ಬೇರೆ ಇಂಜಿನ್ನೇ ಹಾಕ್ಸೋಣ ಅಪ್ಪ. ಇದನ್ನ ಕೆದಕಿ ಏನು ಸಿಗತ್ತೆ?" ಅಂದೆ.

"ಅಲ್ಲ ಪುಟ್ಟಿ, ಒಂದ್ಸಲ ಬರೀ ತೊಟ್ಟಿ ತೆಗೆದು..." ಅಂತ ಮಾಮ ಶುರು ಮಾಡಿದ.

"ಬೇಡ ಅಂದ್ನಲ್ಲ ಮಾಮ."

ಅಪ್ಪ ತಲೆ ಆಡಿಸಿದ್ರು. "ಅವಳಿಗೂ ಹಾಗೇ ಅನ್ಸಿದೆ ಬಿಡು" ಅಂದ್ರು. ಮಾಮನಿಗೆ ಹೇಳಿದ್ದೋ, ನೆಲಕ್ಕೆ ಹೇಳಿದ್ದೋ.

ಮಾರನೇ ದಿನ ಗುಜರಿಯವನು ಇಂಜಿನ್ ಎತ್ಕೊಂಡು ಹೋದ. ಅವತ್ತಿಂದ ಅಪ್ಪ ಗ್ಯಾರೇಜಿಗೆ ಹೋಗ್ಲಿಲ್ಲ. ಮಾಮ ಮನೆಗೇ ಬಂದು ಕರೆದ. "ಅಲ್ಲಿ ನನಗೇನಪ್ಪಾ ಕೆಲಸ?" ಅಂದು ಗೋಡೆ ಕಡೆ ತಿರುಗಿ ಮಲಗಿದ್ರು. ಅಂಗಿ ಗುಂಡಿಯನ್ನೂ ಅಮ್ಮನೇ ಹಾಕ್ಬೇಕು ಈಗ. ಮುಂಚೆ ಹತ್ತು ನಿಮಿಷ ಒದ್ದಾಡಿ ತಾವೇ ಹಾಕ್ಕೊಳ್ಳೋರು.

ಎಂಟನೇ ದಿನಕ್ಕೆ ತಡೆಯೋಕಾಗ್ಲಿಲ್ಲ, ಎಲ್ಲಾ ಹೇಳ್ಬಿಟ್ಟೆ. ಫ್ಲಶ್ಶು, ಜಾಲರಿ, ಎಲ್ಲಾ. ಅಪ್ಪ ಪೂರ್ತಿ ಕೇಳಿಸ್ಕೊಂಡು, "ನಿಮ್ಮಮ್ಮ ಹೇಳ್ಕೊಟ್ಲಾ?" ಅಂದ್ರು.

"ಇಲ್ಲಪ್ಪ, ಆಣೆ ಮಾಡಿ ಹೇಳ್ತೀನಿ, ನಾನೇ ಸುರಿದಿದ್ದು."

"ನಿಜ ಆಗಿದ್ರೆ ಅವತ್ತೇ ಬಿಚ್ಚಿಸ್ತಿದ್ದೆ ನೀನು. ನನ್ನ ಕೈ ಮೇಲೆ ತಪ್ಪು ಬರೋಕೆ ನನ್ನ ಮಗಳು ಬಿಡ್ತಾಳಾ? ಸಮಾಧಾನಕ್ಕೆ ಸುಳ್ಳು ಹೇಳ್ಬೇಡ, ಹೋಗು."

ಗುಜರಿಗೆ ಓಡಿದೆ. "ಅದನ್ನ ಒಡೆದು ಲಾರಿಗೆ ಹಾಕಿ ವಾರ ಆಯ್ತಲ್ಲಮ್ಮ" ಅಂದ. ಫ್ಲಶ್ ಡಬ್ಬನಾದ್ರೂ ತೋರಿಸೋಣ ಅಂದ್ರೆ, ಅದನ್ನ ನಾನೇ ಕಸಕ್ಕೆ ಹಾಕಿದ್ದೆ, ಯಾರಿಗೂ ಸಿಗಬಾರದು ಅಂತ.

ಬೇರೆ ಇಂಜಿನ್ ಚೆನ್ನಾಗೇ ಓಡ್ತಿದೆ. ಅಪ್ಪ ಒಂದ್ಸಲನೂ ಅದರಲ್ಲಿ ಕೂತಿಲ್ಲ. ನಾನು ದಿನಾ ಹೇಳ್ತೀನಿ, ಅವರು ದಿನಾ ನಂಬಲ್ಲ. ಈಗ ಬೈಯೋದಿದ್ರೆ ಬೈರಿ. ಆದ್ರೆ ಅದಕ್ಕೆ ಮುಂಚೆ ಹೇಳಿ, ಗ್ಯಾರೇಜಲ್ಲಿ ಅವರಿಬ್ಬರೂ ನಿಮ್ಮ ಮುಖಾನೇ ನೋಡ್ತಾ ನಿಂತಿದ್ದಿದ್ರೆ, ನೀವು ಏನು ಹೇಳ್ತಿದ್ರಿ?